ಶ್ವಾಸಕೋಶದ ಫೈಬ್ರೋಸಿಸ್: ಪುರುಷರಲ್ಲಿ ಮತ್ತು ಮಹಿಳೆಯರಲ್ಲಿ ವ್ಯತ್ಯಾಸವೇನು, ವೈದ್ಯರ ಬಳಿ ಏನು ಕೇಳಬೇಕು

ಶ್ವಾಸಕೋಶದ ಮೃದು ಅಂಗಾಂಶವು ವರ್ಷಗಳ ಅವಧಿಯಲ್ಲಿ ಗಟ್ಟಿಯಾಗುತ್ತ, ಮಾಗಿದ ಗಾಯದ ಕಲೆಯ ಹಾಗೆ ನಾರುಗಟ್ಟುತ್ತ ಹೋಗಿ, ಒಳಗೆಳೆದುಕೊಂಡ ಉಸಿರಿನಿಂದ ಆಮ್ಲಜನಕವು ರಕ್ತಕ್ಕೆ ಸೇರುವುದೇ ಕಷ್ಟವಾಗುವ ಸ್ಥಿತಿಯನ್ನು ವೈದ್ಯರು ಪಲ್ಮನರಿ ಫೈಬ್ರೋಸಿಸ್ ಎಂದು ಕರೆಯುತ್ತಾರೆ. ಮೆಟ್ಟಿಲು ಹತ್ತುವಾಗ ಏದುಸಿರು, ತಿಂಗಳುಗಟ್ಟಲೆ ಬಿಡದ ಒಣಕೆಮ್ಮು, ಬೆನ್ನಿನ ಕೆಳಭಾಗಕ್ಕೆ ಸ್ಟೆತಾಸ್ಕೋಪ್ ಇಟ್ಟಾಗ ಚಪ್ಪಲಿಯ ವೆಲ್ಕ್ರೊ ಪಟ್ಟಿ ಬಿಡಿಸಿದಂಥ ಸದ್ದು, ಇವಿಷ್ಟು ಲಕ್ಷಣಗಳು ಗಂಡು ಹೆಣ್ಣೆನ್ನದೆ ಎಲ್ಲರಲ್ಲೂ ಒಂದೇ. ಆದರೆ ಕಾಯಿಲೆ ಬರುವ ದಾರಿ, ವೈದ್ಯರು ಅದಕ್ಕೆ ಕೊಡುವ ಹೆಸರು, ಔಷಧ ಮೈಗೆ ಒಗ್ಗುವ ಬಗೆ, ಮನೆಯಲ್ಲಿ ಅದರೊಂದಿಗೆ ಬದುಕುವ ರೀತಿ ಇವುಗಳಲ್ಲಿ ಪುರುಷರಿಗೂ ಮಹಿಳೆಯರಿಗೂ ಸಾಕಷ್ಟು ಅಂತರವಿದೆ. ಈ ಅಂತರವನ್ನು ಒಂದು ಸುಳಿವಾಗಿ ಬಳಸಿಕೊಂಡರೆ ಪ್ರಯೋಜನವಿದೆ. ತೀರ್ಪಾಗಿ ಬಳಸಿದರೆ ಚಿಕಿತ್ಸೆಯೇ ತಪ್ಪಬಹುದು. ರೋಗಿಗಳೂ ಅವರನ್ನು ನೋಡಿಕೊಳ್ಳುವ ಮನೆಯವರೂ ಹಂತಹಂತವಾಗಿ ಏನನ್ನು ಗಮನಿಸಬೇಕು, ಏನನ್ನು ಕೇಳಬೇಕು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಮೊದಲ ಹಂತ: ಕಾಯಿಲೆಯ ಪೂರ್ತಿ ಹೆಸರನ್ನು ಬರೆಸಿಕೊಳ್ಳಿ

"ಫೈಬ್ರೋಸಿಸ್ ಆಗಿದೆ" ಎಂಬುದು ಅರ್ಧ ರೋಗನಿರ್ಣಯ ಮಾತ್ರ. ಯಾವ ಕಾರಣದಿಂದ ಆಗಿದೆ ಎಂಬುದು ಉಳಿದರ್ಧ. ಕಾರಣ ಪತ್ತೆಯಾಗದೆ ಬರುವ ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್, ಅಂದರೆ ಐಪಿಎಫ್, ಹೆಚ್ಚಾಗಿ 60 ದಾಟಿದ ಪುರುಷರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಲ್ಲಿ ಕಾಣಿಸುತ್ತದೆ. ರುಮಟಾಯ್ಡ್ ಸಂಧಿವಾತ, ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮ, ಕಣ್ಣು ಬಾಯಿ ಒಣಗುವ ಶೋಗ್ರೆನ್ ಮುಂತಾದ ಆಟೋಇಮ್ಯೂನ್ ಕಾಯಿಲೆಗಳು, ಅಂದರೆ ರೋಗನಿರೋಧಕ ಶಕ್ತಿಯು ಸ್ವಂತ ದೇಹದ ಮೇಲೆಯೇ ತಿರುಗಿಬೀಳುವಂಥವು, ಮಹಿಳೆಯರಲ್ಲೇ ಹೆಚ್ಚು. ಆದ್ದರಿಂದ ಅವುಗಳ ಜೊತೆಗೆ ಬರುವ ಫೈಬ್ರೋಸಿಸ್ ಕೂಡ ಅವರಲ್ಲಿ ಹೆಚ್ಚು. ಮೂರನೆಯದು ಹಕ್ಕಿಯ ಹಿಕ್ಕೆ, ಬೂಷ್ಟು, ಕೊಳೆತ ಹುಲ್ಲಿನ ಧೂಳು ಇಂಥವುಗಳಿಗೆ ಶ್ವಾಸಕೋಶ ತೋರುವ ಅಲರ್ಜಿಯಿಂದ ಆಗುವಂಥದ್ದು, ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಫೈಬ್ರೋಸಿಸ್ ಸೇರಿದಂತೆ ಶ್ವಾಸಕೋಶದ ಅಂಗಾಂಶದ ಕಾಯಿಲೆಗಳ ಗುಂಪು) ನೋಂದಣಿಯಲ್ಲಿ 1,084 ರೋಗಿಗಳ ಪೈಕಿ ಶೇ 47ರಷ್ಟು ಜನರಿಗೆ ಇದೇ ಇತ್ತು. ಐಪಿಎಫ್ ಮತ್ತು ಆಟೋಇಮ್ಯೂನ್ ಗುಂಪುಗಳು ತಲಾ ಶೇ 14ರ ಆಸುಪಾಸಿನಲ್ಲಿದ್ದವು. ಪಾಶ್ಚಾತ್ಯ ದೇಶಗಳ ಬರಹಗಳನ್ನು ಓದಿ ಫೈಬ್ರೋಸಿಸ್ ಎಂದರೆ ಐಪಿಎಫ್ ಎಂದೇ ಭಾವಿಸುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ಬಗ್ಗೆ ಇಷ್ಟು ಪಟ್ಟು ಹಿಡಿಯಬೇಕಾದ ಕಾರಣ ಚಿಕಿತ್ಸೆಯಲ್ಲಿದೆ. ಆಟೋಇಮ್ಯೂನ್ ಗುಂಪಿನಲ್ಲಿ, ಅಲರ್ಜಿಯ ಗುಂಪಿನ ಹಲವರಲ್ಲಿ, ಸ್ಟಿರಾಯ್ಡ್ ಹಾಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದ ಅನುಕೂಲವಾಗಬಹುದು. ಆದರೆ ಐಪಿಎಫ್ ಇರುವವರಿಗೆ ಪ್ರೆಡ್ನಿಸೋನ್ ಎಂಬ ಸ್ಟಿರಾಯ್ಡ್, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮತ್ತು ಅಸಿಟೈಲ್‌ಸಿಸ್ಟೀನ್‌ಗಳನ್ನು ಒಟ್ಟಿಗೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರಲ್ಲಿ ಸಾವುಗಳೂ ಆಸ್ಪತ್ರೆ ಸೇರುವುದೂ ಹೆಚ್ಚಾದುದರಿಂದ ಆ ಭಾಗವನ್ನು ನಡುವಿನಲ್ಲೇ ನಿಲ್ಲಿಸಬೇಕಾಯಿತು. ಅದರ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಹೀಗಿರುವಾಗ ವಯಸ್ಸಾದ ಗಂಡಸು ಎಂಬ ಒಂದೇ ಕಾರಣಕ್ಕೆ ಐಪಿಎಫ್ ಎಂದೋ, ಹೆಂಗಸು ಎಂಬ ಕಾರಣಕ್ಕೆ ಐಪಿಎಫ್ ಇರಲಾರದು ಎಂದೋ ಊಹಿಸಿದರೆ ಇಬ್ಬರಿಗೂ ಅಪಾಯ. ಒಂದೇ ಬಗೆಯ ಲಕ್ಷಣಗಳಿದ್ದರೂ ವೈದ್ಯರು ಪುರುಷರಿಗೆ ಐಪಿಎಫ್ ಎಂಬ ಹೆಸರನ್ನು ಹೆಚ್ಚು ಸುಲಭವಾಗಿ ಕೊಡುತ್ತಾರೆಂದು ಸಂಶೋಧನೆಗಳು ತೋರಿಸಿವೆ. "ಈ ನಿರ್ಣಯಕ್ಕೆ ಬರಲು ಏನೇನು ಆಧಾರ?" ಎಂದು ವಿನಯದಿಂದಲೇ ಕೇಳಿ. ಎದೆರೋಗ ತಜ್ಞರು, ರೇಡಿಯಾಲಜಿಸ್ಟ್ (ಸ್ಕ್ಯಾನ್ ಓದುವ ತಜ್ಞರು) ಮತ್ತು ರುಮಟಾಲಜಿಸ್ಟ್ (ಸಂಧಿವಾತ ಹಾಗೂ ಆಟೋಇಮ್ಯೂನ್ ಕಾಯಿಲೆಗಳ ತಜ್ಞರು) ಕೂಡಿ ಚರ್ಚಿಸಿ ತೀರ್ಮಾನಿಸುವ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ತೋರಿಸುವುದು ಮೇಲು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಕೆಮ್ಮು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ನೆರಳು ಕಂಡ ಕೂಡಲೇ, ಕಫದಲ್ಲಿ ಕ್ರಿಮಿ ಸಿಗದಿದ್ದರೂ ಟಿಬಿ ಮಾತ್ರೆ ಆರಂಭಿಸುವುದುಂಟು. ಮಾತ್ರೆ ಮುಗಿದರೂ ಏದುಸಿರು ಇಳಿಯದಿದ್ದರೆ ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸುವ ಮಾತನ್ನು ನೀವೇ ಎತ್ತಬೇಕಾಗಬಹುದು. ಮಹಿಳೆಯರ ವಿಷಯದಲ್ಲಿ ಏದುಸಿರನ್ನು ರಕ್ತಹೀನತೆ, ಮುಟ್ಟು ನಿಲ್ಲುವ ವಯಸ್ಸು, ದಪ್ಪ ಮೈ ಅಥವಾ ಆಸ್ತಮಾದ ಲೆಕ್ಕಕ್ಕೆ ಹಾಕಿ ಕಾಲ ಕಳೆಯುವ ರೂಢಿಯೂ ಇದೆ.

ಎರಡನೆಯ ಹಂತ: ಉಸಿರಾಡಿದ ಗಾಳಿಯ ಚರಿತ್ರೆಯನ್ನು ಮನೆಯಲ್ಲೇ ಬರೆದಿಡಿ

ಆಸ್ಪತ್ರೆಯಲ್ಲಿ "ಏನು ಕೆಲಸ?" ಎಂದು ಕೇಳಿದಾಗ ಗಂಡಸರು ಕಲ್ಲು ಕ್ವಾರಿ, ಕ್ರಷರ್, ಸಕ್ಕರೆ ಕಾರ್ಖಾನೆ ಎಂದು ಹೇಳಿಬಿಡುತ್ತಾರೆ, ಹೆಂಗಸರು "ಮನೆಯಲ್ಲೇ ಇರುತ್ತೇನೆ" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಮನೆಯೆಂಬುದು ಧೂಳು ಹೊಗೆಗಳಿಲ್ಲದ ಜಾಗವೇನೂ ಅಲ್ಲ. ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದಿದ್ದು, ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ತೆಂಗಿನ ಗರಿ ಉರಿಸುವುದು, ಕೊಟ್ಟಿಗೆಯಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಕೊಡವುವುದು, ಕಾಳು ಕೇರುವುದು, ಇವೆಲ್ಲವೂ ಚರಿತ್ರೆಯಲ್ಲಿ ಸೇರಬೇಕಾದ ಸಂಗತಿಗಳು. ಮನೆಯೊಳಗಿನ ಬೀಡಿ ಸಿಗರೇಟಿನ ಹೊಗೆಯೂ ಸೇರಬೇಕು, ಸೇದಿದವರು ಬೇರೆ ಯಾರೋ ಆಗಿದ್ದರೂ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳಗಳ ಕಾಟ ಗೊತ್ತಿರುವುದೇ. ಬಾಲ್ಕನಿಯಲ್ಲಿ ಒಣಗಿದ ಹಿಕ್ಕೆಯನ್ನು ಕೆರೆದು ಗುಡಿಸುವವರು ಯಾರು, ಎಸಿ ಯಂತ್ರದ ಹಿಂದೆ ಗೂಡಿದೆಯೆ, ಕಾಳು ಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗಿದೆ ಎಂಬುದನ್ನು ಬರೆದುಕೊಳ್ಳಿ. ಈಗಾಗಲೇ ಹೇಳಿದ ನೋಂದಣಿಯಲ್ಲಿ ಅಲರ್ಜಿಯ ಗುಂಪಿನ ಅರ್ಧದಷ್ಟು ಜನರು ಏರ್ ಕೂಲರ್ ಬಳಸುತ್ತಿದ್ದರು. ಕೂಲರಿನ ತೇವಗೊಂಡ ಹುಲ್ಲುಪಟ್ಟಿಯಲ್ಲಿ ಬೂಷ್ಟು ಬೆಳೆಯುತ್ತದೆ. ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಬೇಸಿಗೆಯಿಡೀ ಕೂಲರ್ ಓಡುವುದರಿಂದ ಇದು ಅಲ್ಲಿಯವರಿಗೂ ಸಲ್ಲುವ ಮಾತು. ಹಳೆಯ ಗರಿ ತುಂಬಿದ ದಿಂಬು, ಸೋರುವ ಗೋಡೆ, ಕಬ್ಬಿನ ಒಣಸಿಪ್ಪೆಯ ರಾಶಿ ಇವೂ ಪಟ್ಟಿಯಲ್ಲಿರಲಿ. ಕಾರಣ ಸಿಕ್ಕರೆ ಅದರಿಂದ ದೂರವಾಗುವುದೇ ಚಿಕಿತ್ಸೆಯ ಮೊದಲ ಭಾಗ. ದೂರವಾಗದೆ ಬರೀ ಮಾತ್ರೆ ನುಂಗಿದರೆ ಫಲ ಕಡಿಮೆ.

ಹಳೆಯ ಔಷಧಚೀಟಿಗಳನ್ನೂ ಒಟ್ಟುಮಾಡಿ. ಪದೇಪದೇ ಉರಿಮೂತ್ರವಾಗುವ ವಯಸ್ಸಾದ ಮಹಿಳೆಯರಿಗೆ ತಿಂಗಳುಗಟ್ಟಲೆ ಕೊಡುವ ನೈಟ್ರೋಫ್ಯುರಾಂಟೊಯಿನ್ ಕೆಲವರ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಹೃದಯದ ಬಡಿತ ತಪ್ಪಿದವರಿಗೆ ಕೊಡುವ ಅಮಿಯೋಡರೋನ್ ಕೂಡ ಹಾಗೆಯೇ. ಇವು ನೆನಪಿಗೆ ಬಾರದ ಮಾತ್ರೆಗಳು, ಏಕೆಂದರೆ ಅವನ್ನು ಬರೆದುಕೊಟ್ಟವರು ಬೇರೆ ವೈದ್ಯರು.

ಮೂರನೆಯ ಹಂತ: ಬೆರಳು, ಕೀಲು, ಕಣ್ಣು, ಬಾಯಿ

ಶ್ವಾಸಕೋಶದ ಕಾಯಿಲೆಗೆ ಕೈ ನೋಡುವುದೇಕೆ ಎಂದು ಕೆಲವರು ಆಶ್ಚರ್ಯಪಡುತ್ತಾರೆ. ತಣ್ಣೀರಿನಲ್ಲಿ ಪಾತ್ರೆ ತೊಳೆಯುವಾಗ ಬೆರಳ ತುದಿಗಳು ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ ನೋಯುವುದು ಸ್ಕ್ಲೀರೋಡರ್ಮದ ಮೊದಲ ಸುಳಿವಾಗಿರಬಹುದು. ಬೆಳಿಗ್ಗೆ ಎದ್ದಾಗ ಬೆರಳ ಕೀಲುಗಳು ಗಂಟೆಗಟ್ಟಲೆ ಬಿಗಿದಿರುವುದು, ಮುದ್ದೆ ನುಂಗಲು ಪ್ರತಿ ತುತ್ತಿಗೂ ನೀರು ಬೇಕಾಗುವಷ್ಟು ಬಾಯಿ ಒಣಗುವುದು, ಕಣ್ಣಿನಲ್ಲಿ ಮರಳು ಹಾಕಿದಂತಿರುವುದು, ನೆಲದಿಂದ ಏಳಲು ತೊಡೆಯಲ್ಲಿ ಶಕ್ತಿ ಸಾಲದಿರುವುದು, ಇವನ್ನೆಲ್ಲ ವೈದ್ಯರು ಕೇಳದಿದ್ದರೂ ಹೇಳಿ. ಎಎನ್‌ಎ, ರುಮಟಾಯ್ಡ್ ಫ್ಯಾಕ್ಟರ್, ಆಂಟಿ-ಸಿಸಿಪಿ, ಸಿಪಿಕೆ ಮತ್ತು ಅಗತ್ಯವಿದ್ದರೆ ಮಯೋಸೈಟಿಸ್ ಪ್ಯಾನೆಲ್ ಎಂಬ ರಕ್ತಪರೀಕ್ಷೆಗಳು ಇಂಥ ಆಟೋಇಮ್ಯೂನ್ ಕಾಯಿಲೆಗಳನ್ನು ಹುಡುಕುವಂಥವು.

ಇವು ಹೆಂಗಸರ ಕಾಯಿಲೆಗಳು ಎಂಬ ಭಾವನೆಯಿಂದ ಗಂಡಸರಿಗೆ ಈ ಪ್ರಶ್ನೆಗಳನ್ನು ಕೇಳದೆ ಬಿಡುವುದು ದೊಡ್ಡ ಲೋಪ. ರುಮಟಾಯ್ಡ್ ಸಂಧಿವಾತ ಬರುವುದು ಮಹಿಳೆಯರಿಗೇ ಹೆಚ್ಚಾದರೂ, ಅದು ಬಂದ ಪುರುಷರಲ್ಲಿ ಶ್ವಾಸಕೋಶಕ್ಕೆ ಹರಡುವ ಸಂಭವ ಜಾಸ್ತಿ. ಸ್ಕ್ಲೀರೋಡರ್ಮದಲ್ಲೂ ಪುರುಷರ ಶ್ವಾಸಕೋಶದ ತೊಂದರೆ ಹೆಚ್ಚು ತೀವ್ರವಾಗಿರುತ್ತದೆ. ಕೀಲುನೋವಿನ ಜೊತೆ ಒಣಕೆಮ್ಮು ಇರುವ ಧೂಮಪಾನಿ ಗಂಡಸಿಗೆ "ಸಿಗರೇಟಿನ ಕೆಮ್ಮು" ಎಂದು ಹೇಳಿ ಕಳುಹಿಸಿದರೆ ಒಪ್ಪಿಕೊಳ್ಳಬೇಡಿ.

ನಾಲ್ಕನೆಯ ಹಂತ: ವರದಿಯ ಅಂಕಿಗಳನ್ನು ಓದುವುದು

ಎರಡು ಅಂಕಿಗಳು ಮುಖ್ಯ. ಎಫ್‌ವಿಸಿ ಎಂದರೆ ಪೂರ್ತಿ ಉಸಿರೆಳೆದು ಜೋರಾಗಿ ಊದಿದಾಗ ಹೊರಬರುವ ಒಟ್ಟು ಗಾಳಿ. ಡಿಎಲ್‌ಸಿಒ ಎಂದರೆ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ. ಎತ್ತರ ಒಂದೇ ಆಗಿದ್ದರೂ ಪುರುಷರ ಶ್ವಾಸಕೋಶದ ಗಾತ್ರ ದೊಡ್ಡದು. ಆದ್ದರಿಂದ ಗಂಡನ ಲೀಟರ್ ಲೆಕ್ಕವನ್ನು ಹೆಂಡತಿಯ ಲೀಟರಿನೊಂದಿಗೆ ಹೋಲಿಸಿ ಪ್ರಯೋಜನವಿಲ್ಲ. ವಯಸ್ಸು, ಎತ್ತರ ಮತ್ತು ಲಿಂಗಕ್ಕೆ ತಕ್ಕ ನಿರೀಕ್ಷಿತ ಮೌಲ್ಯದ ಶೇಕಡಾ ಎಷ್ಟು ಎಂಬ ಕಾಲಂ ನೋಡಬೇಕು. ಪರೀಕ್ಷೆಯ ದಿನ ಎತ್ತರವನ್ನು ಅಳತೆಪಟ್ಟಿಯಿಂದ ಅಳೆಯದೆ ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡರೆ ಶೇಕಡಾವಾರು ತಪ್ಪುತ್ತದೆ. ಮೂಳೆ ಸವೆದು ಬೆನ್ನು ಬಾಗಿದ ಹಿರಿಯ ಮಹಿಳೆಯರಲ್ಲಿ ಇದರ ಕಡೆ ವಿಶೇಷ ಗಮನ ಬೇಕು.

ಮಹಿಳೆಯರು ಡಿಎಲ್‌ಸಿಒ ಪರೀಕ್ಷೆಗೆ ಹೋಗುವಾಗ ಹಿಮೋಗ್ಲೋಬಿನ್ ವರದಿಯನ್ನು ಜೊತೆಗೆ ಒಯ್ಯಬೇಕು. ರಕ್ತಹೀನತೆ ಇದ್ದರೆ ಶ್ವಾಸಕೋಶ ಚೆನ್ನಾಗಿದ್ದರೂ ಈ ಅಂಕಿ ತಗ್ಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಭಾರತದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಹಾಗಿರುವಾಗ ಹಿಮೋಗ್ಲೋಬಿನ್‌ಗೆ ಸರಿಹೊಂದಿಸದ ಡಿಎಲ್‌ಸಿಒ ವರದಿಯನ್ನು ಹಾಗೇ ನಂಬಿದರೆ, ಕಾಯಿಲೆ ಇರುವುದಕ್ಕಿಂತ ಮುಂದುವರಿದಂತೆ ಕಾಣುತ್ತದೆ. "ಹಿಮೋಗ್ಲೋಬಿನ್‌ಗೆ ಸರಿಹೊಂದಿಸಿದ ಅಂಕಿ ಯಾವುದು?" ಎಂಬುದು ಪರೀಕ್ಷಾ ಕೇಂದ್ರದಲ್ಲೇ ಕೇಳಬಹುದಾದ ಪ್ರಶ್ನೆ.

ಧೂಮಪಾನ ಮಾಡಿದ ಪುರುಷರಲ್ಲಿ ಇದಕ್ಕೆ ವ್ಯತಿರಿಕ್ತವಾದ ಮೋಸವೊಂದಿದೆ. ಶ್ವಾಸಕೋಶದ ಮೇಲ್ಭಾಗದಲ್ಲಿ ಎಂಫಿಸಿಮಾ (ಗಾಳಿಚೀಲಗಳು ಹಾಳಾಗಿ ಹಿಗ್ಗುವ ಕಾಯಿಲೆ), ಕೆಳಭಾಗದಲ್ಲಿ ಫೈಬ್ರೋಸಿಸ್ ಎರಡೂ ಇದ್ದಾಗ ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಕುಗ್ಗಿಸಿ, ಎಫ್‌ವಿಸಿ ಬಹುತೇಕ ಸಾಮಾನ್ಯವಾಗಿಯೇ ಕಾಣುತ್ತದೆ. ಡಿಎಲ್‌ಸಿಒ ಮಾತ್ರ ಪಾತಾಳಕ್ಕೆ ಇಳಿದಿರುತ್ತದೆ. ಎಫ್‌ವಿಸಿ ಅಳೆಯುವ ಊದುವ ಪರೀಕ್ಷೆಯಾದ ಸ್ಪೈರೋಮೆಟ್ರಿಯೊಂದನ್ನೇ ಮಾಡಿಸಿ "ಎಲ್ಲ ಚೆನ್ನಾಗಿದೆ" ಎಂದು ಸಮಾಧಾನಪಡುವಂತಿಲ್ಲ.

ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಆಮ್ಲಜನಕದ ಮಟ್ಟ 88ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಆಮ್ಲಜನಕದ ಅಗತ್ಯದ ಬಗ್ಗೆ ಮಾತನಾಡಬೇಕು. ಆಕ್ಸಿಮೀಟರ್ ಹಾಕುವ ಬೆರಳಿನಲ್ಲಿ ಉಗುರುಬಣ್ಣ, ಕಡು ಮೆಹೆಂದಿ ಇರಬಾರದು. ಬೆರಳು ತಣ್ಣಗಾಗಿ ನೀಲಿಗಟ್ಟುವ ಸ್ಕ್ಲೀರೋಡರ್ಮ ರೋಗಿಗಳಲ್ಲಿ ಬೆರಳಿನ ಅಂಕಿ ನಂಬಲರ್ಹವಲ್ಲ. ಕಿವಿಯ ಹಾಲೆ ಅಥವಾ ಹಣೆಯ ಮೇಲೆ ನೋಡಲು ಕೇಳಿಕೊಳ್ಳಿ.

ಐದನೆಯ ಹಂತ: ಗ್ಯಾಪ್ ಅಂಕವನ್ನು ಅರ್ಥ ಮಾಡಿಕೊಳ್ಳಿ, ಅದಕ್ಕೆ ಹೆದರಬೇಡಿ

ಐಪಿಎಫ್ ಎಷ್ಟು ಮುಂದುವರಿದಿದೆ ಎಂದು ಅಂದಾಜಿಸಲು 2012ರಲ್ಲಿ ರೂಪಿಸಿದ ಗ್ಯಾಪ್ ಸೂಚ್ಯಂಕದಲ್ಲಿ ಲಿಂಗ, ವಯಸ್ಸು, ಎಫ್‌ವಿಸಿ ಮತ್ತು ಡಿಎಲ್‌ಸಿಒ ಸೇರಿವೆ. ಪುರುಷರಾಗಿರುವುದಕ್ಕೇ ಒಂದು ಅಂಕ, ಮಹಿಳೆಗೆ ಸೊನ್ನೆ. ಒಬ್ಬ ಮಹಿಳೆಯ 64 ವರ್ಷದ ಗಂಡ, ಅದೇ ವಯಸ್ಸಿನ ಅಕ್ಕ, ಇಬ್ಬರಿಗೂ ಐಪಿಎಫ್ ಇದ್ದು, ಎಫ್‌ವಿಸಿ ಶೇ 70, ಡಿಎಲ್‌ಸಿಒ ಶೇ 50 ಇದೆಯೆನ್ನಿ. ವಯಸ್ಸಿಗೆ ಒಂದು, ಎಫ್‌ವಿಸಿಗೆ ಒಂದು, ಡಿಎಲ್‌ಸಿಒಗೆ ಒಂದರಂತೆ ಅಕ್ಕನಿಗೆ ಮೂರು ಅಂಕವಾಗಿ ಮೊದಲ ಘಟ್ಟದಲ್ಲಿ ಉಳಿಯುತ್ತಾರೆ. ಗಂಡನಿಗೆ ನಾಲ್ಕಾಗಿ ಎರಡನೆಯ ಘಟ್ಟಕ್ಕೆ ಸೇರುತ್ತಾರೆ. ಐಪಿಎಫ್‌ನಲ್ಲಿ ಮಹಿಳೆಯರು ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ ಎಂಬ ಅನುಭವವೇ ಈ ಒಂದು ಅಂಕದ ಹಿನ್ನೆಲೆ. ಸೂಚ್ಯಂಕವನ್ನು ರೂಪಿಸಿದಾಗ ಒಂದು ವರ್ಷದೊಳಗೆ ತೀರಿಕೊಂಡವರು ಮೊದಲ ಘಟ್ಟದಲ್ಲಿ ಸುಮಾರು ಶೇ 6, ಎರಡನೆಯದರಲ್ಲಿ ಶೇ 16, ಮೂರನೆಯದರಲ್ಲಿ ಶೇ 39.

ಈ ಅಂಕಿಗಳು ಗುಂಪಿಗೆ ಸೇರಿದವು, ವ್ಯಕ್ತಿಗೆ ಅಲ್ಲ. ಈಗಿನ ಔಷಧಗಳು ರೂಢಿಗೆ ಬರುವ ಮೊದಲಿನ ರೋಗಿಗಳಿಂದ ಬಂದವು ಕೂಡ. ಅಕ್ಕ ಮೊದಲ ಘಟ್ಟದಲ್ಲಿದ್ದಾರೆ ಎಂಬ ಕಾರಣಕ್ಕೆ ಔಷಧವನ್ನಾಗಲಿ, ಶ್ವಾಸಕೋಶದ ಕಸಿಯ ಮಾತನ್ನಾಗಲಿ ಮುಂದೂಡುವುದು ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ಒಂದು ದಿನದ ಅಂಕಕ್ಕಿಂತ ಒಂದು ವರ್ಷದ ಇಳಿಜಾರೇ ಹೆಚ್ಚು ಸತ್ಯ ಹೇಳುತ್ತದೆ. ಐಪಿಎಫ್ ಅಲ್ಲದ ಫೈಬ್ರೋಸಿಸ್‌ಗಳಲ್ಲಿ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಒಂದು ವರ್ಷದೊಳಗೆ ಏದುಸಿರು ಹೆಚ್ಚುವುದು, ಎಫ್‌ವಿಸಿ ಐದು ಅಥವಾ ಡಿಎಲ್‌ಸಿಒ ಹತ್ತು ಶೇಕಡಾಂಶ ಕುಸಿಯುವುದು, ಸ್ಕ್ಯಾನಿನಲ್ಲಿ ಕಲೆ ಹಬ್ಬುವುದು, ಈ ಮೂರರಲ್ಲಿ ಎರಡು ಕಂಡರೆ ಕಾಯಿಲೆ ಮುಂದುವರಿಯುತ್ತಿದೆ ಎಂದರ್ಥ. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಡಿ.

ಆರನೆಯ ಹಂತ: ಔಷಧ

ಕಲೆಗಟ್ಟುವ ವೇಗವನ್ನು ತಗ್ಗಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಔಷಧಗಳು ಎರಡು: ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್. ಆದ ಕಲೆಯನ್ನು ಇವು ಅಳಿಸುವುದಿಲ್ಲ. ನಿಂಟೆಡಾನಿಬ್‌ನಿಂದ ಸಿಗುವ ಪ್ರಯೋಜನ ಇಬ್ಬರಲ್ಲೂ ಒಂದೇ ಬಗೆಯದು, ಅಡ್ಡಪರಿಣಾಮ ಹಾಗಲ್ಲ. ವಾಕರಿಕೆ, ವಾಂತಿ, ಪಿತ್ತಜನಕಾಂಗದ ಕಿಣ್ವಗಳ ಏರಿಕೆ ಮಹಿಳೆಯರಲ್ಲಿ ಹೆಚ್ಚು. ಡೋಸ್ ತಗ್ಗಿಸಬೇಕಾಗಿ ಬರುವುದೂ ಹೆಚ್ಚು. ದಿನಕ್ಕೆರಡು ಬಾರಿ 150 ಮಿಲಿಗ್ರಾಂ ತಾಳದಿದ್ದರೆ 100 ಮಿಲಿಗ್ರಾಂಗೆ ಇಳಿಸುವ ದಾರಿಯಿದೆ. ಮನೆಯವರಿಗೆ ತೊಂದರೆ ಬೇಡವೆಂದು ಬಾಯಿಮುಚ್ಚಿಕೊಂಡು ಮಾತ್ರೆಯನ್ನೇ ನಿಲ್ಲಿಸಿಬಿಡುವುದಕ್ಕಿಂತ, ವೈದ್ಯರಿಗೆ ಹೇಳಿ ಡೋಸ್ ತಗ್ಗಿಸಿಕೊಳ್ಳುವುದು ಎಷ್ಟೋ ಉತ್ತಮ. ನಿಂಟೆಡಾನಿಬ್ ಮಾತ್ರೆಯನ್ನು ಊಟದ ಜೊತೆಗೇ, ಒಡೆಯದೆ ನುಂಗಬೇಕು. ಭೇದಿಗೆ ಲೋಪೆರಮೈಡ್ ಹತ್ತಿರವಿರಲಿ. ಮೊದಲ ಮೂರು ತಿಂಗಳು ಪ್ರತಿ ತಿಂಗಳೂ, ಆಮೇಲೆ ಮೂರು ತಿಂಗಳಿಗೊಮ್ಮೆಯೂ ಪಿತ್ತಜನಕಾಂಗದ ಪರೀಕ್ಷೆ ಆಗಲಿ. ಪಿರ್ಫೆನಿಡೋನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಕೆಂಪಾಗುವುದರಿಂದ ಹೊಲಗದ್ದೆಯ ಕೆಲಸವಿರುವವರು ತುಂಬುತೋಳಿನ ಅಂಗಿ ತೊಟ್ಟು, ಬಿಸಿಲೇರುವ ಮೊದಲೇ ಕೆಲಸ ಮುಗಿಸಬೇಕು. ಸಿಗರೇಟು ಈ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುತ್ತದೆ. ಸೇದುತ್ತಲೇ ದುಬಾರಿ ಮಾತ್ರೆ ನುಂಗುವುದು ಹಣವನ್ನು ಹೊಗೆಗೆ ಕೊಟ್ಟ ಹಾಗೆ.

ಮಕ್ಕಳಾಗುವ ವಯಸ್ಸಿನ ಮಹಿಳೆಯರು ಮಾತ್ರೆ ಆರಂಭಿಸುವ ಮೊದಲೇ ಈ ವಿಷಯವನ್ನು ಎತ್ತಬೇಕು, ವೈದ್ಯರು ಸಂಕೋಚದಿಂದ ಬಿಟ್ಟರೂ. ನಿಂಟೆಡಾನಿಬ್ ಹಾಗೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫಿನೊಲೇಟ್, ಮೆಥೋಟ್ರೆಕ್ಸೇಟ್ ಇವು ಗರ್ಭದ ಮಗುವಿಗೆ ಹಾನಿಕರ. ನಿಂಟೆಡಾನಿಬ್ ನಿಲ್ಲಿಸಿದ ಮೇಲೂ ಕನಿಷ್ಠ ಮೂರು ತಿಂಗಳು, ಮೈಕೋಫಿನೊಲೇಟ್ ನಿಲ್ಲಿಸಿ ಕನಿಷ್ಠ ಆರು ವಾರ ಗರ್ಭ ಧರಿಸಬಾರದು. ವಾಂತಿ ಭೇದಿಯಾದ ದಿನಗಳಲ್ಲಿ ಗರ್ಭನಿರೋಧಕ ಮಾತ್ರೆಯನ್ನು ನೆಚ್ಚುವಂತಿಲ್ಲ. ಕಾಪರ್-ಟಿ ಅಥವಾ ಕಾಂಡೋಮ್ ಸೇರಿಸಿಕೊಳ್ಳಬೇಕು. ಇದೇ ಗುಂಪಿನ ಸೈಕ್ಲೋಫಾಸ್ಫಮೈಡ್ ಕೊಡುವ ಮಾತಿದ್ದರೆ ಮುಂದೆ ಮಕ್ಕಳಾಗುವ ಸಾಧ್ಯತೆಯ ಬಗ್ಗೆ ಗಂಡಸರೂ ಕೇಳಬೇಕು. ಸ್ಟಿರಾಯ್ಡ್ ದೀರ್ಘಕಾಲ ತೆಗೆದುಕೊಳ್ಳುವ, ಮುಟ್ಟು ನಿಂತ ಮಹಿಳೆಯರಿಗೆ ಮೂಳೆ ಸಾಂದ್ರತೆಯ ಪರೀಕ್ಷೆ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಅಗತ್ಯ.

ಏಳನೆಯ ಹಂತ: ಮನೆಯಲ್ಲಿ

ಸದಾ ಕೆಮ್ಮುವ ಮಹಿಳೆಯರಲ್ಲಿ, ಅದರಲ್ಲೂ ಹೆರಿಗೆಯಾದವರಲ್ಲಿ, ಕೆಮ್ಮಿದಾಗಲೆಲ್ಲ ಮೂತ್ರ ಸೋರುವುದು ಸಾಮಾನ್ಯ. ನಾಚಿಕೆಯಿಂದ ಹೇಳದೆ, ದೇವಸ್ಥಾನ, ಮದುವೆ, ಬಸ್ ಪ್ರಯಾಣ ಎಲ್ಲವನ್ನೂ ಬಿಟ್ಟು ಮನೆಯಲ್ಲೇ ಉಳಿಯುವವರಿದ್ದಾರೆ. ಶ್ರೋಣಿಯ ಸ್ನಾಯುಗಳ ವ್ಯಾಯಾಮದಿಂದ ಇದು ಬಹಳಷ್ಟು ಹತೋಟಿಗೆ ಬರುತ್ತದೆ, ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ.

ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಕಾನ್ಸಂಟ್ರೇಟರ್ ಯಂತ್ರ ಮನೆಗೆ ಬಂದ ದಿನ ಅಡುಗೆ ಯಾರು ಮಾಡುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ. ಮೂಗಿನಲ್ಲಿ ಆಮ್ಲಜನಕದ ಕೊಳವೆ ಹಾಕಿಕೊಂಡು ಗ್ಯಾಸ್ ಒಲೆಯ ಮುಂದೆ ನಿಲ್ಲುವುದು ಬೆಂಕಿಗೆ ಆಹ್ವಾನ. ಒಲೆ, ದೇವರ ದೀಪ, ಕರ್ಪೂರ, ಬೀಡಿ ಇವುಗಳಿಂದ ಕನಿಷ್ಠ ಹತ್ತು ಅಡಿ ದೂರವಿರಬೇಕು. ರೋಗಿ ಮನೆಯ ಹಿರಿಯ ಹೆಂಗಸಾಗಿದ್ದರೆ "ಒಂದು ಒಗ್ಗರಣೆ ಹಾಕಿ ಬರುತ್ತೇನೆ" ಎನ್ನುವುದು ನಿಲ್ಲುವುದಿಲ್ಲ. ಆದ್ದರಿಂದ ಅಡುಗೆಯ ಕೆಲಸವನ್ನು ಮನೆಯ ಗಂಡಸರೂ ಸೇರಿ ಹಂಚಿಕೊಳ್ಳುವುದು ಇಲ್ಲಿ ಸುರಕ್ಷತೆಯ ಕ್ರಮವೇ ಆಗಿದೆ. ರೋಗಿ ಗಂಡಸಾಗಿದ್ದರೆ ಕದ್ದು ಸೇದುವ ಒಂದು ಬೀಡಿಯೇ ಅಪಾಯ. ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ಇಬ್ಬರಿಗೂ ಕೆಮ್ಮು ತರಿಸುತ್ತವೆ. ಕರೆಂಟ್ ಹೋದಾಗ ಯಂತ್ರ ನಿಲ್ಲುವುದರಿಂದ ಒಂದು ಸಿಲಿಂಡರ್ ತುಂಬಿಸಿಟ್ಟಿರಬೇಕು.

ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆಗಳು ಎಲ್ಲರಿಗೂ ಬೇಕು.

ಎಂಟನೆಯ ಹಂತ: ಕಸಿಯ ಮಾತನ್ನು ಬೇಗ ಎತ್ತಿ

ಔಷಧಗಳಿಗೆ ಬಗ್ಗದ ಕಾಯಿಲೆಗೆ ಶ್ವಾಸಕೋಶದ ಕಸಿ ಉಳಿದ ದಾರಿ. ನಮ್ಮ ರಾಜ್ಯದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆ ಜೀವಸಾರ್ಥಕತೆ ಸಂಸ್ಥೆಯ ಮೂಲಕ ನಡೆಯುತ್ತದೆ. ಚೆನ್ನೈ ಮತ್ತು ಹೈದರಾಬಾದಿನ ಆಸ್ಪತ್ರೆಗಳಲ್ಲೂ ಅನೇಕರು ಹೆಸರು ನೋಂದಾಯಿಸುತ್ತಾರೆ. ಇಲ್ಲಿ ಮಹಿಳೆಯರಿಗೆ ಎರಡು ಅಡ್ಡಿಗಳಿವೆ. ಎತ್ತರ ಕಡಿಮೆ ಇರುವವರ ಎದೆಗೂಡಿಗೆ ಎತ್ತರದ ದಾನಿಯ ಶ್ವಾಸಕೋಶ ಹೊಂದುವುದಿಲ್ಲವಾದ್ದರಿಂದ ಕಾಯುವಿಕೆ ಲಂಬಿಸುತ್ತದೆ. ಗರ್ಭ ಧರಿಸಿದಾಗ ಮಗುವಿನ ಅಂಗಾಂಶದ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಹಲವರ ರಕ್ತದಲ್ಲಿ ಉಳಿದಿರುತ್ತವೆ. ಅವು ದಾನಿಯ ಅಂಗವನ್ನೂ ತಿರಸ್ಕರಿಸಬಲ್ಲವು. ಹಿಂದೆ ರಕ್ತ ಪಡೆದವರಲ್ಲೂ ಹೀಗಾಗಬಹುದು. ಆದ್ದರಿಂದ ಎಷ್ಟು ಬಾರಿ ಗರ್ಭಿಣಿಯಾಗಿದ್ದಿರಿ, ಗರ್ಭಪಾತಗಳೂ ಸೇರಿ, ಎಷ್ಟು ಬಾಟಲಿ ರಕ್ತ ಪಡೆದಿದ್ದೀರಿ ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಿ, ಈ ಪ್ರತಿಕಾಯಗಳನ್ನು ಪತ್ತೆಹಚ್ಚುವ ಎಚ್‌ಎಲ್‌ಎ ಪ್ರತಿಕಾಯ ಪರೀಕ್ಷೆ ಯಾವಾಗ ಮಾಡುತ್ತಾರೆಂದು ಕೇಳಿ. ಪುರುಷರು ಈ ಹಂತದಲ್ಲಿ ಹೃದಯದ ರಕ್ತನಾಳಗಳ ತಪಾಸಣೆಗೆ ಸಿದ್ಧರಿರಬೇಕು. ಧೂಮಪಾನ ಬಿಟ್ಟು ಕನಿಷ್ಠ ಆರು ತಿಂಗಳಾಗಿರದಿದ್ದರೆ ಕೇಂದ್ರಗಳು ಸಾಮಾನ್ಯವಾಗಿ ಹೆಸರು ಸೇರಿಸುವುದಿಲ್ಲ. ಕಾಯುವ ಅವಧಿಯೇ ದೀರ್ಘವಾಗಿರಬಹುದಾದ ಮಹಿಳೆಯರನ್ನು, ಗ್ಯಾಪ್ ಅಂಕ ಕಡಿಮೆಯಿದೆ ಎಂಬ ನೆಪದಲ್ಲಿ, ತಡವಾಗಿ ಕಳುಹಿಸಿಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.